ಓದುಗರ ಪ್ರಶ್ನೆ: ಹರಿಕೇನ್ ಬರುವಾಗ ಯಾವ ಅಂಕಿ ನೋಡಬೇಕು?

ಪ್ರಶ್ನೆ: ಮಗಳ ಸಂಸಾರ ಫ್ಲೋರಿಡಾದ ಟ್ಯಾಂಪಾದಲ್ಲಿದೆ. ನಕ್ಷೆಯಲ್ಲಿ ತೋರಿಸುವ ಬಿಳಿ ಕೋನ್‌ನಿಂದ ಊರು ಹೊರಗಿದ್ದರೆ ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇರಬಾರದು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಬಿಡಿಸುವ ಆ ಕೋನ್ ಹೇಳುವುದು ಚಂಡಮಾರುತದ ಕಣ್ಣು ಎಲ್ಲಿ ಹಾಯಬಹುದು ಎಂಬುದನ್ನಷ್ಟೇ. ಅದೂ ಮೂರು ಸಲದಲ್ಲಿ ಎರಡು ಸಲ ಮಾತ್ರ ನಿಜವಾಗುತ್ತದೆ. ಗಾಳಿ, ಮಳೆ, ನೀರು ಎಷ್ಟು ದೂರ ಚಾಚುತ್ತವೆ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ದಡ ಮುಟ್ಟಿದ್ದು ಉತ್ತರಕ್ಕೆ ಬಹುದೂರ, ಪೆರ್ರಿ ಊರಿನ ಹತ್ತಿರ. ಆದರೂ ಟ್ಯಾಂಪಾ ಕೊಲ್ಲಿ ಆರಡಿಗೂ ಮೇಲೆ ಉಕ್ಕಿ ಮನೆಗಳಿಗೆ ನುಗ್ಗಿತು. ಎರಡು ವಾರದೊಳಗೆ ಮಿಲ್ಟನ್ ದಕ್ಷಿಣದ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿದಾಗ ಅದೇ ಕೊಲ್ಲಿಯ ನೀರು ಹಿಂದಕ್ಕೆ ಸರಿಯಿತು. ಅಲ್ಲಿ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಹಾಗಾಗಿ ಚಂಡಮಾರುತ ಸಾಗುವ ದಿಕ್ಕಿನ ಬಲಗಡೆ ನೀರು ದಡಕ್ಕೆ ನೂಕಲ್ಪಡುತ್ತದೆ, ಎಡಗಡೆ ಕಡಲಿಗೆ ಎಳೆಯಲ್ಪಡುತ್ತದೆ. ಟ್ಯಾಂಪಾ ಹೆಲೀನ್‌ಗೆ ಬಲಗಡೆ ಇತ್ತು, ಮಿಲ್ಟನ್‌ಗೆ ಎಡಗಡೆ. ಬರಿದಾದ ಕೊಲ್ಲಿಗೆ ಇಳಿದು ಫೋಟೊ ತೆಗೆಯುವ ಚಪಲ ಬೇಡ. ಗಾಳಿ ತಿರುಗಿದರೆ ನೀರು ಮರಳುತ್ತದೆ.

ಪ್ರಶ್ನೆ: ಕೆಟಗರಿ 2 ಅಂದರೆ ಸಾಧಾರಣದ್ದು ತಾನೇ?

ಉತ್ತರ: ಗಾಳಿಯ ಮಟ್ಟಿಗೆ ಇರಬಹುದು. ಕೆಟಗರಿ ಎಂಬ 1ರಿಂದ 5ರವರೆಗಿನ ದರ್ಜೆ ಅಳೆಯುವುದು ಗಾಳಿಯನ್ನು ಮಾತ್ರ. 2008ರಲ್ಲಿ ಟೆಕ್ಸಸ್‌ಗೆ ಬಂದ ಐಕ್ ಕೆಟಗರಿ 2 ಆಗಿತ್ತು. ಬೊಲಿವರ್ ಪರ್ಯಾಯ ದ್ವೀಪದಲ್ಲಿ ಕಡಲುಬ್ಬರ (ದಿನನಿತ್ಯದ ಉಬ್ಬರವಲ್ಲ, ಚಂಡಮಾರುತ ದಡಕ್ಕೆ ನೂಕುವ ನೀರು) 15 ಅಡಿ ಮುಟ್ಟಿತು.

ಪ್ರಶ್ನೆ: ಒಂದೇ ನೀರಿಗೆ ಒಬ್ಬೊಬ್ಬರು ಒಂದೊಂದು ಎತ್ತರ ಹೇಳುತ್ತಾರೆ. ಮನೆಯೊಳಗೆ ಎಷ್ಟು ಬರುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಕೇಳಬೇಕಾದದ್ದು ‘ಸೊನ್ನೆ ಎಲ್ಲಿ?’ ಎಂದು. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ‘ಬ್ಯಾಟರಿ’ ಎಂಬ ಜಾಗದ ನೀರಿನ ಮಟ್ಟದ ಮಾಪಕ ತೋರಿಸಿದ್ದನ್ನೇ ನೋಡಿ. ಸರಾಸರಿ ತಗ್ಗಿಳಿತದ ಮಟ್ಟದಿಂದ ಎಣಿಸಿದರೆ 14.06 ಅಡಿ. ನೆಲದ ಎತ್ತರ ಅಳೆಯಲು ಅಮೆರಿಕದ ಸರ್ವೆಯವರು ಬಳಸುವ ‘ನ್ಯಾವ್‌ಡಿ 88’ ಸೊನ್ನೆಯಿಂದ 11.28 ಅಡಿ. ಆ ಹೊತ್ತಿಗೆ ಇರಬೇಕಿದ್ದ ಉಬ್ಬರಕ್ಕಿಂತ ಎಷ್ಟು ಹೆಚ್ಚು ಎಂದರೆ ಸುಮಾರು 9.4 ಅಡಿ. ಮೂರೂ ಸರಿ, ನೀರು ಒಂದೇ.

ಮನೆಯ ಎಲಿವೇಷನ್ ಸರ್ಟಿಫಿಕೇಟ್‌ನಲ್ಲಿ (ನೆಲಗಟ್ಟಿನ ಎತ್ತರದ ದಾಖಲೆಯಲ್ಲಿ) ಸಾಮಾನ್ಯವಾಗಿ ನ್ಯಾವ್‌ಡಿ ಅಂಕಿ ಇರುತ್ತದೆ. ಆ ಮಾಪಕದ ಪಕ್ಕ, ನ್ಯಾವ್‌ಡಿ ಲೆಕ್ಕದಲ್ಲಿ 10 ಅಡಿ ಎತ್ತರದಲ್ಲಿ ನೆಲಗಟ್ಟು ಇದ್ದ ಮನೆಯೊಳಗೆ 1.28 ಅಡಿ, ಅಂದರೆ ಹದಿನೈದು ಅಂಗುಲ ನೀರು. 9.4 ನೋಡಿದವನು ಮನೆ ಒಣಗಿರುತ್ತದೆ ಎಂದುಕೊಳ್ಳುತ್ತಾನೆ, 14.06 ನೋಡಿದವನು ಸೊಂಟದವರೆಗೆ ನೀರು ಎಂದು ಹೆದರುತ್ತಾನೆ. ಅಲೆಯ ಎತ್ತರ ಇದರ ಮೇಲೆ ಬೇರೆ.

ಹರಿಕೇನ್ ಕೇಂದ್ರದ ಮುನ್ಸೂಚನೆಯಲ್ಲಿ ‘6ರಿಂದ 10 ಅಡಿ’ ಎಂದಿದ್ದರೆ ಅದು ನೆಲದಿಂದ ಮೇಲಕ್ಕೆ. ಆದರೆ ದಡದ ಹತ್ತಿರದ ತಗ್ಗು ಜಾಗಕ್ಕೆ ಅನ್ವಯ, ನಿಮ್ಮ ಅಂಗಳಕ್ಕಲ್ಲ. ಅಂಗಳಕ್ಕೆ ಕಡಲುಬ್ಬರ ಮುಳುಗಡೆಯ ನಕ್ಷೆ ತೆರೆಯಿರಿ. ಅದರಲ್ಲಿ ಬಣ್ಣ ಬಳಿದ ಎತ್ತರವನ್ನು ಮೀರುವ ಸಾಧ್ಯತೆ ಹತ್ತರಲ್ಲಿ ಒಂದು. ಮಾಪಕದ ನೇರ ಅಂಕಿ ಆರು ನಿಮಿಷಕ್ಕೊಮ್ಮೆ ಬರುತ್ತದೆ. ಗೆರೆ ಏರುತ್ತಾ ಏರುತ್ತಾ ನಿಂತುಬಿಟ್ಟರೆ ನೀರು ಇಳಿಯಿತೆಂದಲ್ಲ, ಮಾಪಕವೇ ಕೆಟ್ಟಿರಬಹುದು.

ಪ್ರಶ್ನೆ: ಸಿದ್ಧತೆಗೆ ಗಡುವು ಯಾವುದು?

ಉತ್ತರ: ಕಣ್ಣು ದಡ ಮುಟ್ಟುವ ಹೊತ್ತಲ್ಲ. ಗಂಟೆಗೆ 39 ಮೈಲಿ ಗಾಳಿ ಶುರುವಾದರೆ ಏಣಿ ಹತ್ತಿ ಕಿಟಕಿಗೆ ಪ್ಲೈವುಡ್ ಹೊಡೆಯಲಾಗದು. ಆ ಗಾಳಿ ‘ಆದಷ್ಟು ಬೇಗ’ ಎಂದರೆ ಯಾವಾಗ ಬರಬಹುದು ಎಂಬುದಕ್ಕೇ ಪ್ರತ್ಯೇಕ ನಕ್ಷೆಯಿದೆ, ಅದೇ ಗಡುವು. ಹರಿಕೇನ್ ವಾರ್ನಿಂಗ್ ಹೊರಡುವುದು ಅಂಥ ಗಾಳಿಗೆ 36 ಗಂಟೆ ಮುಂಚೆ. ತೆರವು ವಲಯದ ಅಕ್ಷರವನ್ನು (ಎ, ಬಿ, ಸಿ...) ಕೌಂಟಿಯ ತಾಣದಲ್ಲಿ ವಿಳಾಸ ಕೊಟ್ಟು ಈಗಲೇ ನೋಡಿಡಿ. ವಿಮೆಯ ಪ್ರವಾಹ ವಲಯ ಬೇರೆ, ಇದು ಬೇರೆ. ವಿಮೆಯ ಲೆಕ್ಕದಲ್ಲಿ ಅಪಾಯ ಕಡಿಮೆಯಿರುವ ‘ಎಕ್ಸ್’ ವಲಯದಲ್ಲಿದ್ದೇವೆಂದು ಮನೆಯಲ್ಲೇ ಉಳಿಯುವವರು ಇಲ್ಲೇ ಎಡವುವುದು. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಜಾರಿಗೆ ಬರಲು 30 ದಿನ ಬೇಕು, ಚಂಡಮಾರುತ ಕಂಡ ಮೇಲೆ ಮಾಡಿಸಿ ಫಲವಿಲ್ಲ.

ಪ್ರಶ್ನೆ (ಮಲ್ಪೆಯಿಂದ): ಅರಬ್ಬಿ ಸಮುದ್ರದ ಚಂಡಮಾರುತಕ್ಕೆ ಅಮೆರಿಕದವರು ಹೇಳುವ ವೇಗ ನಮ್ಮ ಹವಾಮಾನ ಇಲಾಖೆಯದಕ್ಕಿಂತ ಹೆಚ್ಚಿರುತ್ತದಲ್ಲ?

ಉತ್ತರ: ಅವರದು ಒಂದು ನಿಮಿಷದ ಸರಾಸರಿ, ನಮ್ಮದು ಮೂರು ನಿಮಿಷದ್ದು. ಅವಧಿ ಉದ್ದವಾದಷ್ಟೂ ಸರಾಸರಿ ಇಳಿಯುತ್ತದೆ. ಎರಡನ್ನು ಬೆರೆಸಬೇಡಿ. ದೋಣಿಗೆ ಅದಕ್ಕಿಂತ ಮುಖ್ಯವಾದದ್ದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಎತ್ತರದ ಅಲೆಗಳ ಎಚ್ಚರಿಕೆ: 2021ರ ಮೇ ತಿಂಗಳಲ್ಲಿ ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಿ, ಕಡಲ್ಕೊರೆತ ಮಾತ್ರ ನಮ್ಮ ಕರಾವಳಿಯಲ್ಲೂ ಆಯಿತು.