ನೈಜೀರಿಯಾದ ಹಣಕಾಸು ಸಚಿವೆ ಎನ್‌ಗೋಜಿ ಒಕೊಂಜೊ-ಇವೇಲಾ 1,800 ಕೋಟಿ ಡಾಲರ್ ಸಾಲ ಮನ್ನಾ ಮಾಡಿಸಿದ್ದು ಹೇಗೆ?

ಸುಮ್ನೆ ಬೇಡಿಕೊಂಡು ಅಲ್ಲ. ಮೊದಲು ದುಡ್ಡು ಉಳಿಸಿ ತೋರಿಸಿದರು, ಆಮೇಲೆ ಚೌಕಾಸಿಗೆ ಕೂತರು.

ನೈಜೀರಿಯಾ ಬದುಕುವುದೇ ಕಚ್ಚಾ ತೈಲದ ಮೇಲೆ. ಬೆಲೆ ಏರಿದಾಗ ಸರ್ಕಾರ ಕೈಬಿಚ್ಚಿ ಖರ್ಚು ಮಾಡುತ್ತಿತ್ತು, ಇಳಿದಾಗ ಸಾಲ ಎತ್ತುತ್ತಿತ್ತು. 2003ರಲ್ಲಿ ಸಚಿವೆಯಾದ ಇವರು ಇದಕ್ಕೆ ಕಡಿವಾಣ ಹಾಕಿದರು. ಬ್ಯಾರೆಲ್‌ಗೆ 25 ಡಾಲರ್ ಅಂತ ಲೆಕ್ಕ ಹಿಡಿದು 2004ರ ಬಜೆಟ್ ಮಾಡಿದರು. ಅದಕ್ಕಿಂತ ಜಾಸ್ತಿ ಬಂದದ್ದು ಬೇರೆ ಖಾತೆಗೆ ಹೋಯಿತು. ರಾಜ್ಯಗಳಿಗೆ ಪ್ರತಿ ತಿಂಗಳು ಎಷ್ಟು ಹಣ ಹೋಗುತ್ತದೆ ಅನ್ನುವುದನ್ನೂ ಪತ್ರಿಕೆಗಳಲ್ಲಿ ಹಾಕಿಸಿದರು. ನನಗೆ ಇದೇ ಅವರ ದಿಟ್ಟ ಕೆಲಸ ಅನಿಸುತ್ತದೆ. ಲೆಕ್ಕ ಬಯಲಾದರೆ ಯಾರಿಗೆ ಇಷ್ಟ, ಅಲ್ವಾ?

2005ರಲ್ಲಿ ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ದೇಶಗಳ ಕೂಟ) ಒಪ್ಪಿತು. ಸುಮಾರು 3,000 ಕೋಟಿ ಡಾಲರ್ ಸಾಲದಲ್ಲಿ 1,200 ಕೋಟಿಯಷ್ಟನ್ನು ನೈಜೀರಿಯಾ ಉಳಿತಾಯದಿಂದ ಕಟ್ಟಿತು, ಉಳಿದದ್ದು ಮನ್ನಾ ಆಯಿತು.

ವಿಶ್ವಬ್ಯಾಂಕಿನಲ್ಲಿ ದುಡಿದ ವರ್ಷಗಳೂ ಈ ಮಾತುಕತೆಯಲ್ಲಿ ನೆರವಾದವು. 2011ರಿಂದ 2015ರವರೆಗೆ ಮತ್ತೆ ಹಣಕಾಸು ಸಚಿವೆಯಾಗಿದ್ದರು. 2021ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮುಖ್ಯಸ್ಥೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು, ಮೊದಲ ಆಫ್ರಿಕನ್ ಅವರೇ.