“ಅಮ್ಮ ದಿನಾ ಅಪ್ಪನ ಜೊತೆ ಮಾತಾಡ್ತಾರೆ, ಇದು ನಾರ್ಮಲ್ಲಾ?”

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಕುರ್ಚಿ ಎಳೆದು ಕೂರುವ ಮೊದಲೇ ಮಗಳು ಕೇಳಿದರು. “ಮೇಡಂ, ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಅಮ್ಮ ಇನ್ನೂ ದಿನಾ ರಾತ್ರಿ ಅವರ ಜೊತೆ ಮಾತಾಡ್ತಾರೆ. ಇದು ನಾರ್ಮಲ್ಲಾ?”

ಅಮ್ಮನಿಗೆ 60ರ ಆಸುಪಾಸು. ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅವರನ್ನೇ ಮಾತಾಡಿಸಿದೆ.

ಬೆಳಿಗ್ಗೆ ಎದ್ದ ಕೂಡಲೇ ಗಂಡನ ಕನ್ನಡಕದ ಗಾಜು ಒರೆಸಿ, ಕಡ್ಡಿ ಮಡಚಿ ಡಬ್ಬಿಯಲ್ಲಿ ಇಡುತ್ತಾರೆ. ರಾತ್ರಿ ಅದನ್ನು ಎದುರಿಗಿಟ್ಟುಕೊಂಡು, “ರೀ, ಇವತ್ತು ಏನಾಯ್ತು ಗೊತ್ತಾ” ಅಂತ ಶುರು ಮಾಡುತ್ತಾರೆ. ಮೂರ್ನಾಲ್ಕು ಸಲ, ನಿದ್ದೆ ಹತ್ತುವ ಹೊತ್ತಿಗೆ, ಗಂಡ ತಮ್ಮ ಹೆಸರು ಹಿಡಿದು ಕರೆದದ್ದು ಸ್ಪಷ್ಟವಾಗಿ ಕೇಳಿಸಿದೆಯಂತೆ.

“ಅವರಿಲ್ಲ ಅಂತ ನಂಗೊತ್ತು. ಆದ್ರೂ ಕೇಳಿಸ್ತು. ನನಗೆ ತಲೆ ಕೆಟ್ಟಿದೆಯಾ?”

ಇದಕ್ಕೆ ಹೌದು, ಅಲ್ಲ ಅಂತ ಥಟ್ಟನೆ ಹೇಳೋಕೆ ಆಗಲ್ಲ. ‘ಅಸಹಜ’ ಅನ್ನುವುದನ್ನು ಅಳೆಯಲು ಮನೋವಿಜ್ಞಾನದಲ್ಲಿ ಒಂದೇ ಕೋಲು ಇಲ್ಲ.

ಒಂದು ಕೋಲು ಲೆಕ್ಕದ್ದು: ಅಪರೂಪವಾದದ್ದು ಅಸಹಜ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ 70ಕ್ಕಿಂತ ಕಡಿಮೆ ಬರುವವರು ನೂರಕ್ಕೆ ಸುಮಾರು 2 ಜನ. ಆದರೆ 130 ದಾಟುವವರೂ ಅಷ್ಟೇ ಜನ, ಅವರನ್ನು ಯಾರೂ ಚಿಕಿತ್ಸೆಗೆ ಕಳಿಸಲ್ಲ, ಅಲ್ವಾ? ಇನ್ನು, ಯಾವುದು ಅಪರೂಪ ಅನ್ನುವ ನಮ್ಮ ಅಂದಾಜೇ ಎಷ್ಟೋ ಸಲ ತಪ್ಪಿರುತ್ತದೆ. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಕೊಂಡವರು ಪಕ್ಕದಲ್ಲಿದ್ದಂತೆ, ಕಂಡಂತೆ, ಕೇಳಿಸಿದಂತೆ ಆಗಿತ್ತು. ಬಹಳಷ್ಟು ಜನ ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇದನ್ನು ಹೇಳಿದಾಗ ಆ ಅಮ್ಮ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

ಇನ್ನೊಂದು ಕೋಲು ನಾಲ್ಕು ಜನರದ್ದು: ಸಮಾಜ ಒಪ್ಪದ ನಡತೆ ಅಸಹಜ. ನನಗೆ ಇದರ ಬಗ್ಗೆ ಭಯವೇ ಜಾಸ್ತಿ. ಅಮೆರಿಕದಲ್ಲಿ ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದನ್ನೇ 1851ರಲ್ಲಿ ಕಾರ್ಟ್‌ರೈಟ್ ಅನ್ನುವ ವೈದ್ಯ ಒಂದು ಕಾಯಿಲೆ ಅಂತ ಕರೆದ. ಸಲಿಂಗಕಾಮವನ್ನು ಅಲ್ಲಿನ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಯಿಂದ ತೆಗೆಯಲು 1973 ಆಗಬೇಕಾಯಿತು, ವಿಶ್ವ ಆರೋಗ್ಯ ಸಂಸ್ಥೆಗೆ 1990. ಅಷ್ಟು ವರ್ಷ ಎಷ್ಟು ಜನ ಸುಮ್ನೆ ರೋಗಿ ಅನಿಸಿಕೊಂಡು ಬದುಕಿದರೋ! “ನೋಡಿದವರು ಏನಂತಾರೆ” ಅನ್ನುವುದನ್ನು ರೋಗದ ಗುರುತು ಅಂತ ನಾನು ಒಪ್ಪಲ್ಲ.

ಮೂರನೆಯ ಕೋಲು ಉಲ್ಟಾ: ಮನೋವಿಜ್ಞಾನಿ ಮಾರೀ ಯಹೋಡಾ 1958ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ, ಆರೋಗ್ಯವಂತ ಮನಸ್ಸು ಹೇಗಿರುತ್ತದೆ ಅಂತ ಪಟ್ಟಿ ಮಾಡಿದರು. ಅದರ ಪ್ರಕಾರ ಹೋದರೆ ಪೂರ್ತಿ ಪಾಸಾಗುವವರು ಸಿಗುವುದು ಕಷ್ಟ. ಆದರೂ ಅದರಿಂದ ಒಂದು ಅಂಶ ಇಟ್ಟುಕೊಂಡೆ: ವಾಸ್ತವದ ಅರಿವು. “ಅವರಿಲ್ಲ ಅಂತ ನಂಗೊತ್ತು” ಅನ್ನುವ ಮಾತಲ್ಲೇ ಅದಿತ್ತು.

ನಾನು ಜಾಸ್ತಿ ನೆಚ್ಚುವುದು ನಾಲ್ಕನೆಯದನ್ನು: ದಿನದ ಬದುಕು ನಡೆಯುತ್ತಿದೆಯಾ, ನೋವು ಎಷ್ಟಿದೆ? ಅವರು ಆರು ಗಂಟೆ ನಿದ್ದೆ ಮಾಡುತ್ತಾರೆ, ಸರಿಯಾಗಿ ಊಟ ಮಾಡುತ್ತಾರೆ, ಸಂಜೆ ಗೆಳತಿಯ ಜೊತೆ ವಾಕಿಂಗ್ ಹೋಗುತ್ತಾರೆ. ಇದೂ ಪೂರ್ತಿ ನಂಬುವ ಕೋಲಲ್ಲ. ಒಳಗೆ ಕುಸಿದಿದ್ದರೂ ಕೆಲಸಕ್ಕೆ ಒಂದು ದಿನ ತಪ್ಪಿಸದವರನ್ನು ನೋಡಿದ್ದೇನೆ. ಅದಕ್ಕೇ ನೇರವಾಗಿ ಕೇಳಿದೆ: “ಆ ದನಿ ‘ನೀನೂ ಬಾ’ ಅನ್ನುತ್ತಾ? ಸಾಯಬೇಕು ಅನಿಸುತ್ತಾ?” ಇಲ್ಲ ಅಂದರು.

ಆಪ್ತರು ತೀರಿಕೊಂಡ ದುಃಖವನ್ನು ಯಾವಾಗ ಕಾಯಿಲೆ ಅನ್ನಬಹುದು, ಆ ಗಡುವಿನ ವಿಷಯದಲ್ಲೂ ಪುಸ್ತಕಗಳು ಒಂದೇ ಮಾತು ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿಯಲ್ಲಿ ದೊಡ್ಡವರಿಗೆ 12. ಈ ಅಮ್ಮ ನಡುವೆ ನಿಂತಿದ್ದಾರೆ. ಆದರೆ ದಿನ ಕಳೆದ ಮಾತ್ರಕ್ಕೆ ಕಾಯಿಲೆ ಆಗಲ್ಲ. ಬದುಕು ನಿಂತುಹೋಗುವಷ್ಟು ಹಂಬಲವೂ ಇರಬೇಕು.

ಮಗಳನ್ನು ಒಳಗೆ ಕರೆದು ಹೇಳಿದ್ದಿಷ್ಟು. ಅಮ್ಮನ ಮಾತನ್ನು ತಡೆಯಬೇಡಿ, ಮನಸ್ಸಾದರೆ ಪಕ್ಕದಲ್ಲಿ ಕೂತು ಕೇಳಿ. ಕಿವಿ, ನೆನಪು, ಈಗ ನುಂಗುತ್ತಿರುವ ಮಾತ್ರೆಗಳು, ಇಷ್ಟನ್ನು ಒಮ್ಮೆ ವೈದ್ಯರಿಗೆ ತೋರಿಸಿ, ಈ ವಯಸ್ಸಿನಲ್ಲಿ ಅದು ಬೇಕೇ ಬೇಕು. ಹಗಲಲ್ಲೂ ದನಿ ಕೇಳಿಸತೊಡಗಿದರೆ, ಅದು ಹೆದರಿಸಿದರೆ ಅಥವಾ ಅಪ್ಪಣೆ ಕೊಟ್ಟರೆ, ಅಪ್ಪ ಬದುಕಿದ್ದಾರೆ ಅಂತ ಅಮ್ಮ ವಾದಿಸಿದರೆ, ಊಟ ನಿದ್ದೆ ಬಿಟ್ಟರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಅವತ್ತೇ ಹೋಗಿ, ಒಬ್ಬರನ್ನೇ ಬಿಡಬೇಡಿ.

ಆಮೇಲೆ ಕೇಳಿದೆ, “ನೀವು ಹೇಗಿದ್ದೀರಿ?” ಅವರು ತುಂಬಾ ಹೊತ್ತು ಸುಮ್ಮನಿದ್ದರು. ಅಪ್ಪ ಹೋದಾಗಿನಿಂದ ಅವರ ಕೋಣೆಗೆ ಕಾಲಿಟ್ಟಿಲ್ಲ, ಒಂದು ಸಲವೂ ಅತ್ತಿಲ್ಲ, ಅಮ್ಮನ ದನಿ ಕೇಳಿಸಿದರೆ ರಾತ್ರಿಯಿಡೀ ನಿದ್ದೆ ಬರಲ್ಲ ಅಂದರು. ಆಫೀಸಿನಲ್ಲಿ ಲೆಕ್ಕ ತಪ್ಪುತ್ತಿದೆಯಂತೆ. ಅಮ್ಮ ಮೆಲ್ಲಗೆ ಮಗಳ ಕೈ ಹಿಡಿದುಕೊಂಡರು.

ಮುಂದಿನ ವಾರದ ಸಮಯವನ್ನು ಮಗಳ ಹೆಸರಿಗೆ ಬರೆದುಕೊಂಡೆ.