ಅಲ್ಲಿನ ಬೆಲೆಚೀಟಿ, ಇಲ್ಲಿನ ಎಂಆರ್‌ಪಿ

ಸಾಗರದ ಓದುಗರೊಬ್ಬರ ಪತ್ರ: "ಐಫೋನ್ 16ಕ್ಕೆ 2024ರಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ 799 ಡಾಲರ್, ಅಂದರೆ ಸುಮಾರು 67 ಸಾವಿರ ರೂಪಾಯಿ ಇತ್ತು ಅನ್ನುತ್ತಾನೆ ನ್ಯೂಯಾರ್ಕಿನಲ್ಲಿರುವ ನನ್ನ ತಂಗಿಯ ಮಗ. ಇಲ್ಲಿ ಆಗ 79,900 ಇತ್ತು. ಮಿಕ್ಕ 13 ಸಾವಿರ ಯಾರ ಜೇಬಿಗೆ ಹೋಯಿತು?"

ಸಂಪಾದಕರ ಉತ್ತರ: ಹೆಚ್ಚುಕಡಿಮೆ ಅಷ್ಟೂ ಸರ್ಕಾರದ ಬೊಕ್ಕಸಕ್ಕೆ. ಆದರೆ ನಿಮ್ಮ ಹುಡುಗ ಹೇಳಿದ್ದು ಬೆಲೆಚೀಟಿಯ ಮೊತ್ತ, ಬಿಲ್ಲಿನದಲ್ಲ. ಅಮೆರಿಕದಲ್ಲಿ ಮಾರಾಟ ತೆರಿಗೆಯನ್ನು ಬೆಲೆಯೊಳಗೆ ಸೇರಿಸಿ ಬರೆಯುವ ರೂಢಿಯಿಲ್ಲ. ನಮ್ಮ ಕೆಲವು ಹೋಟೆಲುಗಳಲ್ಲಿ ಮೆನು ನೋಡಿ ಲೆಕ್ಕ ಹಾಕಿಕೊಂಡು ಉಂಡವರಿಗೆ ಬಿಲ್ಲಿನ ತುದಿಯಲ್ಲಿ ಜಿಎಸ್‌ಟಿ ಎದುರಾಗುತ್ತದಲ್ಲ, ಹಾಗೆ. ನ್ಯೂಯಾರ್ಕ್ ನಗರದಲ್ಲಿ ಈ ತೆರಿಗೆ ಒಟ್ಟು ಶೇ 8.875. 799 ಡಾಲರಿನ ಫೋನು ಕೈಗೆ ಬರುವಾಗ 869 ಡಾಲರ್ 91 ಸೆಂಟ್ ಆಗಿರುತ್ತದೆ, ಆಗಿನ 84 ರೂಪಾಯಿ ದರದಲ್ಲಿ 73 ಸಾವಿರ. ಡೆಲವೇರ್, ಆರೆಗಾನ್ ರಾಜ್ಯಗಳಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಲ್ಲಿ ಕೊಂಡು ನ್ಯೂಯಾರ್ಕಿಗೆ ತಂದವರು ಕಾನೂನಿನ ಪ್ರಕಾರ 'ಬಳಕೆ ತೆರಿಗೆ' ಕಟ್ಟಬೇಕು. ಕಟ್ಟುವವರು ಎಷ್ಟು ಜನವೋ!

ಇನ್ನು ನಮ್ಮ ಕಡೆ. ಎಂಆರ್‌ಪಿಯೊಳಗೆ ಎಲ್ಲ ತೆರಿಗೆಯೂ ಅಡಗಿರುತ್ತದೆ. ಮೊಬೈಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 12 ಇದ್ದದ್ದು 18 ಆಯಿತು. 79,900ರಿಂದ ಅದನ್ನು ತೆಗೆದರೆ ಉಳಿಯುವುದು ಸುಮಾರು 67,700. ಅಮೆರಿಕದ ತೆರಿಗೆರಹಿತ ಬೆಲೆಗೆ ಆರುನೂರು ರೂಪಾಯಿ ಆಚೀಚೆ, ಅಷ್ಟೆ! ಜರ್ಮನಿಯ ಕತೆ ಬೇರೆ: 949 ಯೂರೋದಲ್ಲಿ ಶೇ 19 ತೆರಿಗೆ ಕಳೆದರೂ 797 ಯೂರೋ, ಅಂದರೆ ಆಗಿನ ದರದಲ್ಲಿ 850 ಡಾಲರಿಗೂ ಮೇಲೆ. ಬ್ರಿಟನ್ನಿನಲ್ಲೂ ಹಾಗೆಯೇ: 799 ಪೌಂಡಿನಲ್ಲಿ ಶೇ 20 ವ್ಯಾಟ್ ಕಳೆದ ಮೇಲೂ ಅದು 850 ಡಾಲರ್ ದಾಟುತ್ತಿತ್ತು.

ಹಾಗಂತ ಎಲ್ಲ ಪಾಪವನ್ನೂ ತೆರಿಗೆಯ ತಲೆಗೆ ಕಟ್ಟುವಂತಿಲ್ಲ. ಅದೇ ವರ್ಷದ 16 ಪ್ರೊ ನೋಡಿ: ಬಿಡುಗಡೆಯಾದಾಗ ಅಲ್ಲಿ 999 ಡಾಲರ್, ಇಲ್ಲಿ 1,19,900 ರೂಪಾಯಿ ಇತ್ತು. ಜಿಎಸ್‌ಟಿ ತೆಗೆದರೂ ಒಂದು ಲಕ್ಷ ಮೀರುತ್ತದೆ. ಅಲ್ಲಿನದು 84 ಸಾವಿರ ಮುಟ್ಟುವುದಿಲ್ಲ. ಆಮದಾಗಿ ಬರುವ ಫೋನಿಗೆ ಮೂಲ ಸುಂಕವಿದೆ, 2024ರ ಜುಲೈ ಬಜೆಟ್ಟಿನಲ್ಲಿ ಅದನ್ನು ಶೇ 20ರಿಂದ 15ಕ್ಕೆ ಇಳಿಸಿದರು. ಆ 15ನ್ನು ಪೂರ್ತಿ ಸೇರಿಸಿದರೂ ಲೆಕ್ಕ ಕೂಡುವುದಿಲ್ಲ. ದುಬಾರಿ ಮಾಡೆಲ್ಲು ಬೇಕೆನ್ನುವವರು ಇನ್ನಷ್ಟು ಕೊಟ್ಟೇ ಕೊಳ್ಳುತ್ತಾರೆ ಎಂದು ಕಂಪನಿ ಎಣಿಸಿದೆ, ನನಗೆ ಕಾಣುವುದು ಹಾಗೆ. ನಿಮ್ಮ ಸಿಟ್ಟನ್ನು ಪ್ರೊಗೆ ಮೀಸಲಿಡಿ.

ಹುಡುಗನ ಕೈಲಿ ಫೋನು ತರಿಸುವ ಯೋಚನೆಯಿದ್ದರೆ ಒಂದು ಮಾತು. ಅಮೆರಿಕದಲ್ಲಿ ಮಾರುವ, 2022ರ ಐಫೋನ್ 14 ಮತ್ತು ಅದರ ನಂತರ ಬಂದ ಐಫೋನುಗಳಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಎಲ್ಲ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್. ಈಗ ನಿಮ್ಮ ಫೋನಿನಲ್ಲಿರುವ ಸಿಮ್ ಕಾರ್ಡನ್ನು ತೆಗೆದು ಅದಕ್ಕೆ ಹಾಕಿಕೊಳ್ಳಲು ಆಗದು.